ಒಗೆಯಬಾರದಿದ್ದ ಜೆರ್ಸಿ

ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಅತ್ತೆಯ ಮೇಲೆ ಎಷ್ಟು ಸಿಟ್ಟೋ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ನಾವು ಬಂದು ನೆಲೆಸಿರುವ ಈ ಪರದೇಶದ ಬಡಾವಣೆ ಏವನ್‌ಡೇಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರಿದ್ದಾರೆ. ಅವರ ಅಪ್ಪ ಇಂಗ್ಲೆಂಡಿನ ಗಣಿ ಕಾರ್ಮಿಕ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ವಾರವೆಲ್ಲ ಕಲ್ಲಿದ್ದಲು ಕಡಿದು ಶನಿವಾರ ರಗ್ಬಿ ಲೀಗ್ ಎಂಬ ಒರಟು ಚೆಂಡಾಟ ಆಡುತ್ತಿದ್ದವರು. ಇಂಗ್ಲೆಂಡ್ ತಂಡದ ಜೊತೆ ಹಡಗಿನಲ್ಲಿ ಇಲ್ಲಿಗೆ ಆಡಲು ಬಂದರು, ಇಲ್ಲಿಯ ಹುಡುಗಿಯನ್ನು ಮೆಚ್ಚಿದರು, ಮತ್ತೆ ಬಂದು ಇಲ್ಲೇ ನೆಲೆನಿಂತು ನಮ್ಮ ಬಡಾವಣೆಯ ಕ್ಲಬ್ಬಿಗೆ ಆಡಿದರು. ಒಂದು ಪಂದ್ಯದಲ್ಲಿ ಮಂಡಿ ಮುರಿಯಿತು. ಅಲ್ಲಿಗೆ ಆಟ ಮುಗಿಯಿತು. ಆ ದಿನ ತೊಟ್ಟಿದ್ದ ಜೆರ್ಸಿಯನ್ನು ಕೆಸರು, ರಕ್ತದ ಸಮೇತ ಹಾಗೇ ಮಡಿಸಿಟ್ಟರಂತೆ. ಹೆಂಡತಿಗೂ ಒಗೆಯಲು ಬಿಡಲಿಲ್ಲವಂತೆ.

ನನ್ನ ಮಗಳು ಈಗ ಅದೇ ಕ್ಲಬ್ಬಿನಲ್ಲಿ ಆಡುತ್ತಾಳೆ. ಹಳೆಯ ಆಟಗಾರರ ಫೋಟೋ, ಜೆರ್ಸಿಗಳನ್ನು ತೂಗುಹಾಕಲೆಂದು ಅಲ್ಲಿ ಒಂದು ಗೋಡೆ ಸಿದ್ಧವಾಗುತ್ತಿತ್ತು. "ನಾನು ಬದುಕಿರೋವಾಗ ಅಪ್ಪನ್ನ ಅಲ್ಲಿ ನೋಡ್ಬೇಕು" ಎಂದು ಅಜ್ಜಿ, ಕ್ಲಬ್ಬಿಗೆ ತಲುಪಿಸಲು ಆ ಜೆರ್ಸಿಯನ್ನು ನನ್ನ ಕೈಗೆ ಕೊಟ್ಟರು. ಅಪ್ಪ ಆಡಿದ್ದರ ಫೋಟೋ ಅವರ ಬಳಿ ಒಂದೂ ಇರಲಿಲ್ಲ.

ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ "ಯಾರದಮ್ಮಾ ಇದು?" ಎಂದು ಕೇಳಿದರು. ನಾನು ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದೆ. "ಪಕ್ಕದ ಮನೆ ಅಜ್ಜಿ ಇದಾರಲ್ಲ, ಅವರಪ್ಪಂದು. ತೀರ್ಕೊಂಡಿದಾರೆ" ಅಂದೆ. ಮುಟ್ಟಬೇಡಿ ಅನ್ನುವ ಒಂದು ಮಾತು ನನ್ನ ಹಾಳು ಬಾಯಿಂದ ಬರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಹಿತ್ತಿಲಿಗೆ ಹೋದರೆ ಜೆರ್ಸಿ ಹಗ್ಗದ ಮೇಲೆ! ನೆನೆಸಿ, ಸೋಪು ಹಾಕಿ, ಬ್ರಷ್ಷಿನಲ್ಲಿ ಉಜ್ಜಿದ್ದಾರೆ. ಕೆಸರೂ ಇಲ್ಲ, ರಕ್ತದ ಕಲೆಯೂ ಇಲ್ಲ.

"ಸತ್ತೋರ ಬಟ್ಟೆ ಕಣಮ್ಮ. ನೀರಿಗೆ ಹಾಕ್ದೆ ಯಾರಾದ್ರೂ ಒಳಗಿಟ್ಕೋತಾರಾ? ದೇವರ ಗೂಡು ಬೇರೆ ಪಕ್ಕದಲ್ಲೇ ಇದೆ."

"ನಿಮ್ಮನ್ಯಾರು ಕೇಳಿದ್ರು ಅತ್ತೆ? ಯಾರು ಕೇಳಿದ್ರು?" ಎಂದು ಕಿರುಚಿದೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತುಬಿಟ್ಟರು. ಗಂಡ ಓಡಿಬಂದು, "ಸುಮ್ನೆ ಕೊಟ್ಬಿಡೇ. ಆ ಅಜ್ಜಿಗೆ ವಯಸ್ಸಾಗಿದೆ, ಅವರಿಗೆಲ್ಲಿ ಗೊತ್ತಾಗತ್ತೆ" ಅಂದ. ಇವನ ಬುದ್ಧಿಗಿಷ್ಟು ಬೆಂಕಿ ಹಾಕ! ಅವತ್ತು ಅವನ ಮುಖ ನೋಡಲೂ ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಹೋಗಿ, ನಡೆದದ್ದನ್ನೆಲ್ಲ ಹೇಳಿ ಜೆರ್ಸಿ ಕೊಟ್ಟೆ. ಅಜ್ಜಿ ಅದನ್ನು ಮೂಗಿಗೆ ಹಿಡಿದರು. ತೋಳು, ಎದೆಯ ಮೇಲೆಲ್ಲ ಬೆರಳಾಡಿಸಿ ಹುಡುಕಿದರು. ಬೈಯಲಿ, ಬಾಗಿಲು ಬಡಿದುಕೊಂಡು ಒಳಗೆ ಹೋಗಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಅದನ್ನು ಮೆಲ್ಲಗೆ ಮಡಿಸಿ ನನಗೇ ವಾಪಸು ಕೊಟ್ಟರು.

"ಬೇಕಿದ್ರೆ ಗೋಡೆಗೆ ಹಾಕ್ಕೊಳ್ಳಿ" ಅಂದರು. "ಅಪ್ಪ ಇದರಲ್ಲಿಲ್ಲ."