ಆಯುಧಪೂಜೆಯ ದಿನ ಕೈಕೊಟ್ಟ ಗ್ರಾಫಿಕ್ಸ್ ಕಾರ್ಡ್

೨೦೦೭ರಲ್ಲಿ ಪದ್ಮನಾಭನಗರದಲ್ಲಿ ನನ್ನದೊಂದು ಕಂಪ್ಯೂಟರ್ ಸರ್ವೀಸ್ ಅಂಗಡಿ ಇತ್ತು. ಡಿಪ್ಲೊಮಾ ಓದಿದವನಲ್ಲ, ಯಾರ ಶಿಫಾರಸಿನಿಂದಲೂ ಬಂದವನಲ್ಲ. ಪ್ರಿಂಟರ್ ರಿಬ್ಬನ್‌ಗಳನ್ನು ಸ್ಕೂಟರ್ ಮೇಲೆ ಹೇರಿಕೊಂಡು ಆಫೀಸಿನಿಂದ ಆಫೀಸಿಗೆ ಅಲೆದು ಮಾರುತ್ತಲೇ ರಿಪೇರಿ ಕಲಿತವನು. ಚೌಕಾಸಿ ಮಾಡದೆ ಒಂದು ಮೌಸನ್ನೂ ಕೊಂಡಿಲ್ಲ. ಆದರೆ ಒಂದು ವಿಷಯದಲ್ಲಿ ಚೌಕಾಸಿ ಇರಲಿಲ್ಲ: ಆಯುಧಪೂಜೆಯಂದು ಸ್ಕ್ರೂಡ್ರೈವರ್, ಕಟ್ಟರ್, ಮೀಟರ್ ಎಲ್ಲಕ್ಕೂ ಕುಂಕುಮವಿಟ್ಟ ಮೇಲೆ ವಿಜಯದಶಮಿಯ ಬೆಳಿಗ್ಗೆಯವರೆಗೆ ಅವನ್ನು ಮುಟ್ಟುತ್ತಿರಲಿಲ್ಲ.

ಆ ವರ್ಷ ಪೂಜೆ ಮುಗಿಸಿ, ಬಾಗಿಲಲ್ಲಿ ಬೂದಗುಂಬಳ ಒಡೆದು, ಶಟರ್ ಅರ್ಧ ಇಳಿಸಿದ್ದೆ. ಆಗ ಶಿವಾನಂದ ಬಂದ. ಬಾಗಲಕೋಟೆ ಕಡೆಯ ಹುಡುಗ, ಸುದ್ದಗುಂಟೆಪಾಳ್ಯದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಕಟ್ಟಡಗಳ ತ್ರೀಡಿ ಚಿತ್ರ ಮಾಡುವ ಕೆಲಸ. ಹಿಂದೆ ಎರಡು ಸಲ ಅವನ ಮಾನಿಟರ್ ರಿಪೇರಿ ಮಾಡಿದ್ದೆ.

"ಸರ, ಮಷಿನ್ ನಡಕೋತ ನಡಕೋತ ಬಂದ್ ಆಗಾಕತ್ತೈತ್ರಿ. ನಾಳೆ ಮುಂಜಾನೆ ಬಿಲ್ಡರ್ ಮುಂದ ತೋರಸಬೇಕ್ರಿ."

ವಿಷಯ ಇಷ್ಟು. ಗೊಟ್ಟಿಗೆರೆಯಲ್ಲಿ ಫ್ಲ್ಯಾಟ್ ಕಟ್ಟಿಸುತ್ತಿದ್ದ ಬಿಲ್ಡರ್ ಒಬ್ಬರು ವಿಜಯದಶಮಿಯ ದಿನ ಬುಕಿಂಗ್ ಶುರು ಮಾಡುವವರಿದ್ದರು. ಇನ್ನೂ ಕಟ್ಟದ ಫ್ಲ್ಯಾಟಿನೊಳಗೆ ಗಿರಾಕಿಗಳನ್ನು ಕಂಪ್ಯೂಟರ್ ಪರದೆಯ ಮೇಲೆಯೇ ಓಡಾಡಿಸಬೇಕು. ಅವರು ಎಡಕ್ಕೆ ಎಂದರೆ ಎಡಕ್ಕೆ, ಅಡುಗೆಮನೆ ಎಂದರೆ ಅಡುಗೆಮನೆಗೆ. ಇದನ್ನು ವಾಕ್‌ಥ್ರೂ ಎನ್ನುತ್ತಾರೆ. ಸರಿಯಾಗಿ ನಡೆದರೆ ಉಳಿದ ಬ್ಲಾಕ್‌ಗಳ ಕೆಲಸವೂ ಇವನಿಗೆ, ಇಲ್ಲವಾದರೆ ಬೇರೆ ಸ್ಟುಡಿಯೋದವರಿಗೆ. ಇದನ್ನೇ ನಂಬಿ ಶಿವಾನಂದ ಡ್ರಾಫ್ಟ್ಸ್‌ಮನ್ ನೌಕರಿ ಬಿಟ್ಟಿದ್ದ. ತ್ರೀಡಿ ಚಿತ್ರಗಳನ್ನು ಪರದೆಯ ಮೇಲೆ ಓಡಿಸಲು ಬೇಕಾದ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ತಾನೇ ಹಾಕಿಕೊಂಡಿದ್ದ. ಟೈಪ್ ಮಾಡುವಾಗ ಏನೂ ತೊಂದರೆಯಿಲ್ಲ. ವಾಕ್‌ಥ್ರೂ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ಮೆಷಿನ್ ರೀಸ್ಟಾರ್ಟ್.

"ನಾಳೆ ಬೆಳಿಗ್ಗೆವರೆಗೂ ಟೂಲ್ಸ್ ಮುಟ್ಟಲ್ಲಪ್ಪ" ಎಂದೆ.

"ಸ್ಕೂಟರ್‌ಗೂ ಪೂಜಾ ಮಾಡೀರಲ್ರಿ ಸರ. ಅದನ್ನ ಹೊಡಕೊಂಡು ಮನೀಗ ಹೋಗಂಗಿಲ್ಲೇನ್ರಿ?"

ಹುಡುಗ ಚೌಕಾಸಿಯಲ್ಲಿ ನನಗಿಂತ ಕಡಿಮೆಯಿಲ್ಲ ಎಂದುಕೊಂಡೆ. "ಗಾಡಿಗೆ ಪೂಜೆ ಮಾಡೋದೇ ಓಡಿಸೋಕೆ. ಆಯ್ತು, ನಡಿ. ಕಣ್ಣಲ್ಲಿ ನೋಡ್ತೀನಿ, ಕೈಯಲ್ಲಿ ಮುಟ್ತೀನಿ. ಅಷ್ಟೇ."

ಬೇರೆ ದಿನವಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದು ಗೊತ್ತಿತ್ತು. ಹೊಸ ಎಸ್‌ಎಂಪಿಎಸ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಬದಲಾಯಿಸಿ ನೋಡುತ್ತಿದ್ದೆ. ಗೋಡೆಯಿಂದ ಬರುವ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜ್‌ಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ ಅದು. ನಮ್ಮ ಕಸುಬಿನಲ್ಲಿ ಎಲ್ಲರದೂ ಇದೇ ದಾರಿ: ಬಿಚ್ಚು, ಬದಲಾಯಿಸು, ಸರಿಹೋದರೆ ಬಿಲ್ ಬರಿ.

ಸುದ್ದಗುಂಟೆಪಾಳ್ಯದ ಆ ಮನೆಯಲ್ಲಿ ಬೋರ್‌ವೆಲ್ ಮೋಟರಿನಿಂದ ಈಳಿಗೆಮಣೆಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಬಿದ್ದಿತ್ತು. ಮನೆ ಓನರ್ ರತ್ನಮ್ಮ ಊರಿನ ಹಳೇ ಮನೆತನದವರು. ಹೊಲವಿದ್ದ ಜಾಗದಲ್ಲಿ ಈಗ ಆರು ಬಾಡಿಗೆ ಮನೆ. ಶಿವಾನಂದನ ಕಂಪ್ಯೂಟರಿನ ನೆತ್ತಿಯ ಮೇಲೂ ಚೆಂಡುಹೂ ಇಟ್ಟವರು ಅವರೇ. ನಮ್ಮ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು.

"ಏನಪ್ಪ, ಪೂಜೆ ಆಗಿರೋ ಡಬ್ಬ ಬಿಚ್ತೀಯಾ?"

"ಬಿಚ್ಚಲ್ಲಮ್ಮ. ಬಾಗಿಲು ತೆಗೆದು ನೋಡ್ತೀನಿ."

ಅದೃಷ್ಟಕ್ಕೆ ಅದು ಬೆರಳಲ್ಲೇ ತಿರುಗಿಸುವ ಸ್ಕ್ರೂಗಳಿದ್ದ ಕ್ಯಾಬಿನೆಟ್. ವಾಕ್‌ಥ್ರೂ ಓಡಿಸಿ, ಪರದೆ ಕಪ್ಪಾದೊಡನೆ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪಕ್ಕದ ಬಾಗಿಲು ಸರಿಸಿದೆ. ಇಲ್ಲೊಂದು ಮಾತು: ಒಳಗೆ ಕೈಹಾಕುವ ಮುನ್ನ ಕ್ಯಾಬಿನೆಟ್ಟಿನ ಬರಿ ಕಬ್ಬಿಣವನ್ನು ಒಮ್ಮೆ ಮುಟ್ಟಿರಿ. ಮೈಮೇಲೆ ಸೇರಿಕೊಂಡ ಸ್ಟ್ಯಾಟಿಕ್ ಕರೆಂಟ್ ಇಳಿಯುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಎಂದೂ ತೆರೆಯಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಒಳಗೆ ಎಲ್ಲ ಅಚ್ಚುಕಟ್ಟು. ಡ್ರಾಯಿಂಗ್ ಮಾಡುವವನ ಕೈ. ಬೇಡದ ವೈರುಗಳನ್ನು ಮಡಚಿ, ಪ್ಲಾಸ್ಟಿಕ್ ಟೈ ಬಿಗಿದು, ಮೂಲೆಗೆ ತಳ್ಳಿದ್ದ. ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿದೆ. ವ್ಯಾಟ್ ಎಷ್ಟು ಎಂದು ದೊಡ್ಡಕ್ಷರದಲ್ಲಿ ಬರೆದಿರುವುದನ್ನು ನಾನು ನಂಬುವುದಿಲ್ಲ. ಹನ್ನೆರಡು ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ಎಂದು ನೋಡುತ್ತೇನೆ. ಕಾರ್ಡಿನ ಡಬ್ಬದಲ್ಲಿ ಕೇಳಿದ್ದಕ್ಕಿಂತ ಹೆಚ್ಚೇ ಇತ್ತು. ಹಾಗಾದರೆ ಪೆಟ್ಟಿಗೆ ಬಡವಾಗಿರಲಿಲ್ಲ.

ಕಾರ್ಡ್ ಕೂರುವ ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ ಎಪ್ಪತ್ತೈದು ವ್ಯಾಟ್. ವಾಕ್‌ಥ್ರೂ ಓಡುವಾಗ ಇವನ ಕಾರ್ಡಿಗೆ ಅಷ್ಟು ಸಾಲದು, ಹಾಗಾಗಿ ಅದರ ತುದಿಯಲ್ಲಿ ಆರು ಪಿನ್ನಿನ ಸಾಕೆಟ್ ಬೇರೆ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಅದಕ್ಕೆ ಹೊಂದುವ ಪ್ಲಗ್ ಇರುತ್ತಿರಲಿಲ್ಲ. ಅದಕ್ಕೆಂದೇ ಕಾರ್ಡಿನ ಡಬ್ಬದಲ್ಲಿ ಒಂದು ಅಡಾಪ್ಟರ್ ಕೊಡುತ್ತಿದ್ದರು: ಒಂದು ತುದಿ ಆರು ಪಿನ್, ಇನ್ನೊಂದು ತುದಿಯಲ್ಲಿ ಹಾರ್ಡ್‌ಡಿಸ್ಕಿಗೆ ಹಾಕುವಂಥ ನಾಲ್ಕು ಪಿನ್ನಿನ ಎರಡು ಪ್ಲಗ್.

"ಎರಡೂ ಹಾಕೀನ್ರಿ ಸರ" ಎಂದ ಶಿವಾನಂದ. ಹಾಕಿದ್ದು ನಿಜ. ಬದಲಾಯಿಸಲು ಕೈಯಲ್ಲಿ ಏನೂ ಇಲ್ಲದ್ದರಿಂದ, ಕಾರ್ಡಿನಿಂದ ಹಿಡಿದು ವೈರಿನ ಮೇಲೆ ಬೆರಳಾಡಿಸುತ್ತ ಹಿಂದಕ್ಕೆ ಹೋದೆ. ಒಂದು ಪ್ಲಗ್ ಬೆಚ್ಚಗಲ್ಲ, ಸುಡುತ್ತಿತ್ತು. ಅದು ಕೂತಿದ್ದ ಕೇಬಲ್ ಬಾಯಿಯ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಎರಡು ಪ್ಲಗ್ಗುಗಳೂ ಸೇರಿದ್ದು ಒಂದೇ ಕೇಬಲ್ಲಿಗೆ. ಹಾರ್ಡ್‌ಡಿಸ್ಕ್, ಡಿವಿಡಿ ರೈಟರ್, ಫ್ಯಾನು, ಎಲ್ಲ ಅದರಲ್ಲೇ ಸರಪಳಿಯಾಗಿ ಜೋತುಬಿದ್ದಿದ್ದವು. ಎಸ್‌ಎಂಪಿಎಸ್‌ನ ಎರಡನೇ ಕೇಬಲ್ ಅವನ ಟೈ ಬಿಗಿದ ಗಂಟಿನೊಳಗೆ ಸುಮ್ಮನೆ ಮಲಗಿತ್ತು.

"ಅದು ಹೆಚ್ಚಿಗಿಂದು ಅಂತ ಕಟ್ಟಿ ಇಟ್ಟೇನ್ರಿ. ನೀಟ್ ಕಾಣ್ಲಿ ಅಂತ."

"ಒಂದೇ ಪೈಪಿಗೆ ಎರಡು ನಲ್ಲಿ ಹಾಕಿದ್ರೆ ನೀರು ಎರಡರಷ್ಟು ಬರುತ್ತಾ?"

ಉತ್ತರ ರತ್ನಮ್ಮನವರಿಂದ ಬಂತು. "ಎಲ್ಲಿ ಬರ್ತದೆ? ಕೆಳಗಿನೋರು ಎಲ್ಲಾ ಒಟ್ಟಿಗೆ ಸ್ನಾನಕ್ಕೆ ನಿಂತ್ರೆ ಇವನ ತಲೆ ಸೋಪಲ್ಲೇ ಇರ್ತದೆ."

"ಹೌದ್ರಿ. ಬಾಡಗಿ ಮಾತ್ರ ಪೂರಾ ತಗೋತಾರ್ರಿ" ಎಂದ ಶಿವಾನಂದ. ಅಂಗಡಿಗೆ ಬಂದಾಗಿನಿಂದ ಮೊದಲ ಸಲ ಅವನ ಮುಖದಲ್ಲಿ ಸ್ವಲ್ಪ ನಗು.

ಈಗ ಆ ಟೈ ಬಿಡಿಸಬೇಕು. ಕಟ್ಟರ್ ಅಂಗಡಿಯಲ್ಲಿ ದೇವರ ಮುಂದೆ. ಚಾಕು, ಕತ್ತರಿ ಕೇಳಿದರೆ ರತ್ನಮ್ಮ ತಲೆಯಾಡಿಸಿದರು, ಎಲ್ಲಕ್ಕೂ ಕುಂಕುಮ. "ಪಿನ್ನಿಗೆ ಪೂಜೆ ಮಾಡಿದ್ದೀರಾ?" ಎಂದೆ. ಅವರು ಒಂದು ಗಳಿಗೆ ಯೋಚಿಸಿ ಸೆರಗಿನ ಪಿನ್ನು ತೆಗೆದುಕೊಟ್ಟರು. ಟೈನ ಬಾಯಲ್ಲಿ ಸಣ್ಣ ನಾಲಿಗೆಯೊಂದಿರುತ್ತದೆ. ಪಿನ್ನಿನಿಂದ ಅದನ್ನು ಒತ್ತಿಹಿಡಿದರೆ ಪಟ್ಟಿ ಹಿಂದಕ್ಕೆ ಜಾರಿ ಬರುತ್ತದೆ.

ಸುಟ್ಟ ಬಾಯಿಯನ್ನು ಖಾಲಿ ಬಿಟ್ಟೆ. ಅಡಾಪ್ಟರಿನ ಒಂದು ಪ್ಲಗ್ಗನ್ನು ಹಳೆಯ ಕೇಬಲ್ಲಿನ ಬೇರೆ ಬಾಯಿಗೆ, ಇನ್ನೊಂದನ್ನು ಬಿಡಿಸಿದ ಕೇಬಲ್ಲಿಗೆ ಹಾಕಿದೆ. ನಾಳೆ ಬೇಡವಾದ ಡಿವಿಡಿ ರೈಟರನ್ನು ಕಳಚಿದೆ. ಪ್ಲಗ್ ಕೀಳುವಾಗ ವೈರ್ ಹಿಡಿದು ಎಳೆಯಬೇಡಿ, ಪ್ಲಗ್ಗನ್ನೇ ಹಿಡಿಯಿರಿ. ಹಾಕುವಾಗ ಮೂಲೆ ಸವರಿರುವ ಬದಿ ನೋಡಿ ಹಾಕಿ. ಅದು ಒಂದೇ ದಿಕ್ಕಿಗೆ ಕೂರುತ್ತದೆ. ಬಲ ಬೇಕಾಯಿತೆಂದರೆ ದಿಕ್ಕು ತಪ್ಪಿದೆ ಎಂದೇ ಅರ್ಥ.

ಪುರಿ ಕಡಲೆ ತಿನ್ನುತ್ತ ವಾಕ್‌ಥ್ರೂ ಓಡಿಸಿದೆವು. ರತ್ನಮ್ಮನವರೇ ಗಿರಾಕಿ.

"ದೇವರ ಮನೆ ತೋರ್ಸು. ಅಯ್ಯೋ, ಬಚ್ಚಲಿಗೆ ಅಂಟ್ಕೊಂಡೈತಲ್ಲಪ್ಪ."

"ಅದು ಬಿಲ್ಡರ್ ಪ್ಲ್ಯಾನ್ರಿ ಅಕ್ಕಾ. ನಾಳೆ ಅವ್ರ ಮುಂದ ಅನಬ್ಯಾಡ್ರಿ ಮತ್ತ."

ಅವರು ಎಲ್ಲ ಕೋಣೆ ಸುತ್ತಿ, ಬಾಲ್ಕನಿಯಲ್ಲಿ ನಿಂತು, ಮತ್ತೆ ಅಡುಗೆಮನೆಗೆ ಬಂದರೂ ಪರದೆ ಕಪ್ಪಾಗಲಿಲ್ಲ. ಮೆಷಿನ್ ಆರಿಸಿ ಪ್ಲಗ್ಗುಗಳನ್ನು ಮುಟ್ಟಿದೆ. ಬರಿ ಉಗುರುಬೆಚ್ಚಗೆ.

ಕೂಲಿ ಎಷ್ಟೆಂದು ಶಿವಾನಂದ ಕೇಳಿದ. ಬೇಡವೆಂದೆ. ದಾನವೇನಲ್ಲ, ಕೆಲಸ ಸಿಕ್ಕರೆ ಮುಂದಿನ ಮೆಷಿನ್‌ಗಳೆಲ್ಲ ನನ್ನ ಅಂಗಡಿಯಿಂದಲೇ ಎಂದು ಮಾತು ತೆಗೆದುಕೊಂಡೆ. ಹುಡುಗ ಚುರುಕಿದ್ದ. "ರೇಟ್ ಮಾತಾಡಿ ತಗೋತೀನ್ರಿ" ಎಂದ.

ಮರುದಿನ ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. "ಸರ, ಬರೇ ನಡದಾಡಿದ್ರು ನೋಡ್ರಿ ಮಂದಿ. ಮಷಿನ್ ಒಮ್ಮೆನೂ ಬಂದ್ ಆಗಲಿಲ್ಲ. ಉಳಿದ ಬ್ಲಾಕ್ ನನಗ ಕೊಟ್ರು." ಹಾಗೆಯೇ, "ಆ ಪಿನ್ನು ನಿಮ್ಮ ಕಿಸೆದಾಗ ಉಳಿದೈತಂತ್ರಿ. ಅಕ್ಕಾ ಕೇಳಾಕತ್ತಾರ" ಎಂದ.

ಪಿನ್ನು ವಾಪಸ್ ಕೊಟ್ಟೆ. ಆಮೇಲೆ ಅಂಥದ್ದೇ ಒಂದನ್ನು ಕೊಂಡು ಟೂಲ್ ಡಬ್ಬಿಯಲ್ಲಿಟ್ಟೆ. ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ ಮಾಡಿದೆ: ಯಾವ ಮೆಷಿನ್ ಬಂದರೂ, ಸ್ಕ್ರೂಡ್ರೈವರ್ ಎತ್ತುವ ಮುನ್ನ ಬೆರಳು ಪ್ರತಿ ವೈರಿನ ತುದಿಯಿಂದ ಬುಡದವರೆಗೆ ಹೋಗಿ ಬರಬೇಕು. ಎಷ್ಟೋ ಮೆಷಿನ್‌ಗಳು ಹೊಸ ಪಾರ್ಟ್ ಇಲ್ಲದೆಯೇ ಮನೆಗೆ ಹೋದವು. ವ್ಯಾಪಾರ ಕಡಿಮೆಯಾಯಿತೇ ಎಂದರೆ, ಆಗಲಿಲ್ಲ. ಬೇಡದ್ದನ್ನು ಮಾರದವನ ಹತ್ತಿರ ಬೇಕಾದ್ದನ್ನು ಕೊಳ್ಳಲು ಜನ ಬಂದೇ ಬರುತ್ತಾರೆ. ಅಂಗಡಿ ಮುಚ್ಚುವವರೆಗೂ ಪ್ರತಿ ಆಯುಧಪೂಜೆಯಲ್ಲಿ ಎಲ್ಲ ಟೂಲ್‌ಗಳಿಗೂ ಕುಂಕುಮವಿಟ್ಟೆ, ಆ ಪಿನ್ನಿಗೆ ಮಾತ್ರ ಇಡಲಿಲ್ಲ. ಪೂಜೆಯ ದಿನ ಯಾರಾದರೂ ಬಂದರೆ ಕೈಗೆ ಒಂದಾದರೂ ಬೇಕಲ್ಲ.