ಕೂಳೆ ಗದ್ದೆಯ ಫಾರ್ವರ್ಡ್

ಫ್ರಾನ್ಸಿನ ಸ್ಟ್ರೈಕರ್ ಒಬ್ಬ ನನ್ನ ಬೀರುವಿನ ಬಾಗಿಲ ಒಳಗೆ ಏಳೆಂಟು ವರ್ಷ ಇದ್ದ. ಪೇಪರಿನಿಂದ ಕತ್ತರಿಸಿ ಅನ್ನದ ಅಗುಳಿನಲ್ಲಿ ಅಂಟಿಸಿದ್ದೆ. ಶರ್ಟು ತೆಗೆಯಲು ಬೀರು ತೆರೆದಾಗಲೆಲ್ಲ, ಗೋಲು ಹೊಡೆದ ಖುಷಿಯಲ್ಲಿ ಕೈ ಚಾಚಿ ನನ್ನ ಕಡೆಗೇ ಓಡಿ ಬರುತ್ತಿದ್ದ.

ನಂಜನಗೂಡಿನ ಆಚೆಯ ನಮ್ಮೂರಲ್ಲಿ ಫುಟ್‌ಬಾಲ್ ಅಂದರೆ ಭತ್ತದ ಕೊಯ್ಲು ಮುಗಿದ ಮೇಲೆ, ನಾಲೆಗೆ ಮತ್ತೆ ನೀರು ಬಿಡುವವರೆಗೆ. ಕೊಯ್ದುಳಿದ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಬದುವಿನ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಕೂತಿರುತ್ತಿದ್ದವು. ಇಳಿಬಿಸಿಲಿನಲ್ಲಿ ಚೆಂಡು ತೇಲಿ ತೇಲಿ ನನ್ನ ಕಾಲಿಗೇ ಬರುತ್ತಿತ್ತು. ಗದ್ದೆ ಯಾರದೋ ಅವರ ಮಗನೇ ಫಾರ್ವರ್ಡ್ ಅನ್ನುವುದು ನಮ್ಮ ಹುಡುಗರ ಕಟ್ಟಳೆ. ಗದ್ದೆ ನಮ್ಮಪ್ಪನದು. ಬೆಪ್ಪುತಕ್ಕಡಿ ನಾನು, ಅದೆಲ್ಲ ನನ್ನ ಕಾಲಿನ ಗುಣ ಅಂದುಕೊಂಡಿದ್ದೆ.

ಒಂದು ವರ್ಷ ಮೂಗೂರಿಗೆ ಆಡಲು ಹೋದೆವು. ಎಷ್ಟು ಕೈಯೆತ್ತಿ ಕೂಗಿದರೂ ಚೆಂಡು ನನ್ನ ಹತ್ತಿರ ಸುಳಿಯಲಿಲ್ಲ. ಎಲ್ಲರೂ ಕೊಟ್ಟದ್ದು ನಮ್ಮ ಬ್ಯಾಕ್ ಆಟಗಾರನಿಗೆ. ಅವನು ನಮ್ಮ ಗದ್ದೆಗೇ ಕೂಲಿಗೆ ಬರುತ್ತಿದ್ದ ಗೆಳೆಯ. ಎರಡು ಗೋಲು ಹೊಡೆದ, ಗೆದ್ದೆವು.

ವಾಪಸ್ ಬಸ್ಸಿನಲ್ಲಿ ಅವನನ್ನೇ ಕೇಳಿದೆ. "ನಂಗ್ಯಾಕ್ಲಾ ಒಂದೂ ಕೊಡ್ಲಿಲ್ಲ?"

ಅವನು ಕಿಟಕಿಯಿಂದ ತಿರುಗಲಿಲ್ಲ. "ಊರಲ್ಲಿ ದಿನಾ ಕೊಡ್ತೀವಲ್ಲ ಕಣಪ್ಪ. ಇವತ್ತೊಂದಿನ ಗೆಲ್ಲಾನ ಅಂತ."

ಹೊಟ್ಟೆ ಉರಿಯಿತು. ತಿಂಗಳುಗಟ್ಟಲೆ ಅವನ ಜೊತೆ ಮಾತು ಬಿಟ್ಟೆ.

ಆಮೇಲೊಂದು ದಿನ ನಂಜನಗೂಡಿನ ಕಟಿಂಗ್ ಶಾಪಿನಲ್ಲಿ ಪೇಪರ್ ತಿರುವಿದರೆ ನನ್ನ ಬೀರುವಿನ ಸ್ಟ್ರೈಕರ್ ಸಿಕ್ಕ. ಈಗ ಮ್ಯಾನೇಜರ್ ಆಗಿದ್ದನಂತೆ. ತಲೆ ನರೆತಿತ್ತು. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಗೆರೆಯ ಆಚೆ ನಿಂತು ಬೇರೆಯವರ ಆಟ ನೋಡುತ್ತಿದ್ದ. ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಕಾಣಲಿಲ್ಲ. ಇವನಿಗೆ ಸಾಧ್ಯವಾದದ್ದು ನನಗೇಕೆ ಆಗಬಾರದು ಅನ್ನಿಸಿತು.

ಮುಂದಿನ ಕೊಯ್ಲು ಮುಗಿದ ಮೇಲೆ ಬದುವಿನ ಮೇಲೆ ನಿಂತು ಗೆಳೆಯನಿಗೆ ಹೇಳಿದೆ. "ಫಾರ್ವರ್ಡ್ ನೀನಾಡ್ಲಾ. ನಾನು ಮ್ಯಾನೇಜರ್ರು."

ಎಲ್ಲರೂ ನಕ್ಕರು. ಆಟ ಶುರುವಾಯಿತು. ಹೊತ್ತು ಇಳಿದು ಗದ್ದೆಯೆಲ್ಲ ಹೊಂಬಣ್ಣವಾಗಿತ್ತು. ಚೆಂಡು ಅವನಿಗೆ ಸಿಕ್ಕಿತು, ಮುಂದೆ ಗೋಲು ಬರಿದಾಗಿತ್ತು. ಅವನು ಹೊಡೆಯಲಿಲ್ಲ. ಚೆಂಡನ್ನು ಪಾದದಡಿ ನಿಲ್ಲಿಸಿ, ರೂಢಿಯಂತೆ, ತಲೆಯೆತ್ತಿ ನನ್ನನ್ನು ಹುಡುಕಿದ.

ಹೊಡಿಯೋ ಅಂತ ನಾನು ಕೂಗಬೇಕಿತ್ತು. ನೋಡಿಕೊಂಡರೆ, ನನ್ನ ಬಲಗಾಲು ಆಗಲೇ ಬದುವಿನಿಂದ ಗದ್ದೆಗೆ ಇಳಿದಿತ್ತು.