ಗುಂಡಿಗೆ ಮೊದಲು ನೀರು ಕುಡಿಸುವ ಕನಕರಾಜು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಕೊತ್ತತ್ತಿಯ ಯಶೋದಮ್ಮನವರ ಹೊಸ ಮನೆಯ ಹಿತ್ತಲಲ್ಲಿ ಕನಕರಾಜು ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗೆ ಮೊಣಕಾಲುದ್ದದ ಸಣ್ಣ ಗುಂಡಿ, ಅದರ ತುಂಬ ನೀರು. ನೀರಿನೊಳಗೆ ನೆಟ್ಟ ಕಡ್ಡಿಯ ಮೇಲೆ ಚಾಕುವಿನಿಂದ ಹಾಕಿದ ಗೀರುಗಳು. ನಿನ್ನೆ ಸಂಜೆ ಎರಡು ಸಲ ತುಂಬಿಸಿ ಹೋಗಿದ್ದರು, ಇದು ಮೂರನೆಯದು. ಅರ್ಧ ಗಂಟೆಗೆ ನೀರು ಎರಡು ಗೀರು ಇಳಿದಿದೆ.

"ಕುಡೀತಲ್ಲ ಕಣ್ಲಾ, ಇನ್ನೇನು ನೋಡ್ತಾ ಕೂತಿದ್ದೀಯ? ಗುದ್ದಲಿ ಆಕು" ಎನ್ನುತ್ತಾರೆ ಮನೆ ಕಟ್ಟುತ್ತಿರುವ ಮೇಸ್ತ್ರಿ ಸಿದ್ದರಾಮು. ಗೋಡೆ ಪಕ್ಕ ಹತ್ತು ಸಿಮೆಂಟ್ ರಿಂಗುಗಳು ಬಂದು ಬಿದ್ದಿವೆ. ಒಂದೇ ಗುಂಡಿ, ಹತ್ತಡಿ ಆಳ ಎಂಬುದು ಅವರ ಲೆಕ್ಕ. ಗೃಹಪ್ರವೇಶಕ್ಕೆ ಹನ್ನೊಂದು ದಿನವಿದೆ.

"ಬಾಯಾರ್ದೋನು ಕುಡೀದೆ ಇರ್ತಾನೇನ್ಲಾ? ನಾಲೆ ನಿಂತು ತಿಂಗ್ಳಾಯ್ತು. ಶ್ರಾವಣದಲ್ಲಿ ಕುಡೀತದಾ ಅಂತ ಏಳು ನೀನು" ಎನ್ನುತ್ತಾರೆ ಕನಕರಾಜು.

ಕನಕರಾಜು ಹೊಳಲಿನವರು. ವಯಸ್ಸು ಐವತ್ತೇಳು. ಶೌಚಾಲಯದ ಗುಂಡಿ, ಮನೆಯ ಪಾಯ ತೋಡುತ್ತ ಮೂವತ್ತೆರಡು ವರ್ಷ ಕಳೆದಿವೆ. ಹಾರೆ, ಗುದ್ದಲಿ, ಬಾಂಡ್ಲಿ, ಹಗ್ಗವನ್ನು ಹಳೆಯ ಬೈಕಿಗೆ ಕಟ್ಟಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತುತ್ತಾರೆ. ಮೆತ್ತನೆಯ ಮಣ್ಣಾದರೆ ದಿನಕ್ಕೆ ಐದಡಿ, ಕಲ್ಲು ಬೆರೆತ ಗರಸು ಸಿಕ್ಕರೆ ಎರಡಡಿ. ಬಲಗೈ ಈಗ ಕಿವಿಯವರೆಗೆ ಏಳುವುದಿಲ್ಲ. ಜೆಸಿಬಿ ಬಂದ ಮೇಲೆ ಕೆಲಸ ಅರ್ಧಕ್ಕರ್ಧ ಇಳಿದಿದೆ. ಆದರೂ ಜಾಗ ತೋರಿಸಲಿಕ್ಕೆಂದೇ ಕರೆಯುವವರಿದ್ದಾರೆ. "ಜೆಸಿಬಿ ಅರ್ಧ ಗಂಟೇಲಿ ತೋಡ್ತದೆ. ತಪ್ಪು ಜಾಗದಲ್ಲೂ ಅರ್ಧ ಗಂಟೇಲೇ ತೋಡ್ತದೆ" ಎಂದು ನಗುತ್ತಾರೆ.

ಮೂರು ತಾಲ್ಲೂಕಿನ ಮಣ್ಣೂ ಅವರಿಗೆ ಮೂರು ಮನೆಯ ನೆಂಟರಿದ್ದಂತೆ, ಒಬ್ಬೊಬ್ಬರದು ಒಂದೊಂದು ಸ್ವಭಾವ. "ಮಳವಳ್ಳೀಲಿ ಬಂಡೂರ್ ಕಡೆ ಕೆಂಪು ಗರಸು. ಕೊಟ್ಟಿದ್ನೆಲ್ಲ ಕುಡ್ದುಬುಡ್ತದೆ. ಗುಂಡಿ ತುಂಬಕ್ಕೇ ಇಲ್ಲ ಅಂತ ಜನ ಇಗ್ಗುತಾರೆ. ಕುಡ್ದಿದ್ದು ಎಲ್ಲೋಯ್ತು? ಪಕ್ಕದ ಬೋರಿಗೆ. ಅಲ್ಲಿ ಬೋರಿಂದ ದೂರ ಅಳ್ದು ತೋಡ್ಬೇಕು." ಮದ್ದೂರಿನ ಸುತ್ತ ಎರೆ ಮಣ್ಣು ಸಿಕ್ಕಿದ ಕಡೆ ಪಾಯವನ್ನು ಗಟ್ಟಿ ನೆಲ ಸಿಗುವ ತನಕ ಇಳಿಸುತ್ತಾರೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಯಲ್ಲಿ ಉಬ್ಬುವ ಆ ಮಣ್ಣಿನ ಮೇಲೆ ಗೋಡೆ ನಿಂತರೆ ಮೂರನೇ ವರ್ಷಕ್ಕೆ ಕಿಟಕಿ ಮೂಲೆಯಿಂದ ಬಿರುಕು ಶುರು. ನಾಲೆ ಬಯಲಿನ ಕೊತ್ತತ್ತಿಯಂಥ ಊರುಗಳದು ಇನ್ನೊಂದು ತಕರಾರು. ಇಲ್ಲಿ ನೀರು ಕೆಳಗಿನಿಂದಲೇ ಏರಿ ಬರುತ್ತದೆ.

ಇದನ್ನು ಅವರು ಕಲಿತದ್ದು ತಮ್ಮದೇ ತಪ್ಪಿನಿಂದ. ಹದಿನಾಲ್ಕು ವರ್ಷದ ಹಿಂದೆ, ಹೀಗೇ ನಾಲೆ ನಿಂತಿದ್ದ ಚೈತ್ರದಲ್ಲಿ, ಮಗಳು ಕವಿತಳ ಗಂಡನ ಮನೆಯಲ್ಲಿ ಗುಂಡಿ ತೋಡಿದರು. ಬಿರುಕುಬಿಟ್ಟ ಮಣ್ಣು ಸುರಿದ ನೀರನ್ನೆಲ್ಲ ಕುಡಿಯಿತು. ಮಗಳ ಮನೆಯೆಂದು ಒಂದಡಿ ಜಾಸ್ತಿಯೇ ಇಳಿಸಿದರು. ನಾಲೆಗೆ ನೀರು ಬಿಟ್ಟು, ಮಳೆಯೂ ಹಿಡಿದಾಗ ಗುಂಡಿ ತುಂಬಿ ಶೌಚಾಲಯದೊಳಗೇ ಉಕ್ಕಿತು.

"ಬಾಣಂತನ ಮುಗ್ಸಿ ಕಳ್ಸಿ ಇಪ್ಪತ್ ದಿನ ಆಗಿರ್ನಿಲ್ಲ. ಕೈಕೂಸ್ನ ಅತ್ತೆ ಕೈಗೆ ಕೊಟ್ಟು ಛತ್ರಿ ಇಡ್ಕಂಡು ಕಬ್ಬಿನ ಗದ್ದೆಗೆ ಓಗೋಳು. ನನ್ನ ಒಂದ್ ಮಾತೂ ಅನ್ಲಿಲ್ಲ. ಅಂದುಬುಟ್ಟಿದ್ರೆ ಚೆಂದಾಗಿತ್ತು."

ಈಗ ಯಶೋದಮ್ಮನವರ ಹಿತ್ತಲಲ್ಲೂ ಅದೇ ಪ್ರಶ್ನೆ. ಅವರ ಅತ್ತೆ ಚಿಕ್ಕಲಕ್ಷ್ಮಮ್ಮನಿಗೆ ಎಪ್ಪತ್ತಾರು, ಎರಡೂ ಮಂಡಿ ಹೋಗಿವೆ. ಹಳೆ ಮನೆಯಲ್ಲಿ ಶೌಚಾಲಯವಿದ್ದೂ, ಅದು ಉಕ್ಕುತ್ತಿದ್ದರಿಂದ ಮಳೆಗಾಲದಲ್ಲಿ ಚೊಂಬು ಹಿಡಿದು ಗದ್ದೆಯ ಬದುವಿಗೆ ನಡೆದವರು.

ಕನಕರಾಜು ಅದೇ ಸಣ್ಣ ಗುಂಡಿಯನ್ನು ಅಗಲ ಮಾಡಿ ಇಳಿಯುತ್ತಾರೆ. ಮೇಲಿನ ಒಂದಡಿ ಕಪ್ಪು ಮಣ್ಣನ್ನು ಬೇರೆಯೇ ರಾಶಿ ಹಾಕುತ್ತಾರೆ. "ಇದು ಕರಿಬೇವು, ಸೊಪ್ಪಿನ ಮಡಿಗೆ. ಕೆಳಗಿನ್ದು ಬೆರಸ್ಬೇಡ ಕಣಮ್ಮ, ಅದ್ರಲ್ಲಿ ಏನೂ ಏಳಕ್ಕಿಲ್ಲ." ಹನ್ನೆರಡರ ಹೊತ್ತಿಗೆ ನಾಲ್ಕಡಿ ಇಳಿದು, ಒಂದು ಹೆಂಟೆ ತಂದು ಯಶೋದಮ್ಮನ ಅಂಗೈಯಲ್ಲಿಡುತ್ತಾರೆ. ಬೂದಿ ಬಣ್ಣದ ಜೇಡಿ, ಅದರ ತುಂಬ ತುಕ್ಕಿನ ಚುಕ್ಕೆ.

"ತಿಂಗ್ಳಾನುಗಟ್ಲೆ ನೀರು ನಿಂತ ಕಡೆ ಮಣ್ಣು ಈ ಬಣ್ಣಕ್ಕೆ ತಿರುಗ್ತದೆ. ವರ್ಸಾ ವರ್ಸಾ ಇಲ್ಲಿಗಂಟ ನೀರು ಬಂದು ಓಗ್ತಾ ಅದೆ. ಇದ್ಕಿಂತ ಕೆಳಗೆ ನಾನು ಗುಂಡಿ ಇಳ್ಸಕ್ಕಿಲ್ಲ."

ಅವರು ಹೇಳುವ ದಾರಿ ಇದು: ಹಿತ್ತಲಿಗೆ ಗರಸು ಹೊಡೆಸಿ ಎರಡಡಿ ಎತ್ತರಿಸಬೇಕು. ಹತ್ತಡಿಯ ಒಂದು ಗುಂಡಿಯ ಬದಲು ಐದೈದು ರಿಂಗಿನ ಎರಡು. ಆಗ ತಳ ಹಳೆಯ ನೆಲದಿಂದ ಮೂರಡಿಗೇ ನಿಲ್ಲುತ್ತದೆ. ಶೌಚಾಲಯದ ನೆಲವೂ ಅಷ್ಟೇ ಏರಬೇಕು.

"ಆಕಿರೋ ನೆಲ ಕೀಳ್ಬೇಕಾ?" ಸಿದ್ದರಾಮು ಕರಣೆ ಕೆಳಗಿಡುತ್ತಾರೆ. "ಆ ಮುದ್ಕಿ ಮೂರು ಮೆಟ್ಲು ಎಂಗೆ ಅತ್ತದ್ಲಾ?"

"ಮೆಟ್ಲು ಯಾಕೆ? ಕೊಟ್ಟಿಗೆಗೆ ಗಾಡಿ ಅತ್ತಕ್ಕೆ ಮಾಡಲ್ವಾ, ಅಂಗೆ ಜಾರು ಮಾಡು. ಪಕ್ಕದಲ್ಲಿ ಇಡ್ಕಳಕ್ಕೆ ಒಂದು ಪೈಪು ಆಕು."

ಯಶೋದಮ್ಮ ಹೆಂಟೆ ಹಿಡಿದೇ ನಿಂತಿದ್ದಾರೆ. "ಕನಕರಾಜಣ್ಣ, ಕಾರ್ಡು ಅಂಚಿ ಆಗ್ಯದೆ, ಇದೆಲ್ಲ ಅಷ್ಟರಲ್ಲಿ ಮುಗಿಯಕ್ಕಿಲ್ಲ. ನೆಂಟ್ರು ಬಂದಾಗ ಕಕ್ಕಸು ಇಲ್ಲ ಅಂದ್ರೆ ಏನಂದಾರು?"

ಹಿಂಬಾಗಿಲ ಹೊಸ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಚಿಕ್ಕಲಕ್ಷ್ಮಮ್ಮ ತಲೆ ಎತ್ತದೆ ಹೇಳುತ್ತಾರೆ: "ನೆಂಟ್ರು ಉಂಡು ಸಂಜೆ ಬಸ್ಸಿಗೆ ಓಯ್ತಾರೆ. ನಾನು ದಿನಾ ಇರೋಳು. ಅವನು ಏಳ್ದಂಗೆ ಮಾಡಿ."

ಅಲ್ಲಿಗೆ ಮಾತು ಮುಗಿಯುತ್ತದೆ. ಸಿದ್ದರಾಮು ಗೊಣಗುತ್ತಲೇ ಗರಸಿನ ಟ್ರ್ಯಾಕ್ಟರಿಗೆ ಫೋನು ಹಚ್ಚುತ್ತಾರೆ. ಯಶೋದಮ್ಮ ಪಕ್ಕದ ಮನೆಯವರ ಶೌಚಾಲಯವನ್ನು ಒಂದು ದಿನದ ಮಟ್ಟಿಗೆ ಕೇಳಲು ಹೊರಡುತ್ತಾರೆ.

ಹೆಸರಿನ ಫಲಕ, ಸನ್ಮಾನ, ಅಂಥದ್ದೇನಾದರೂ ಬೇಕೆನಿಸುವುದಿಲ್ಲವೇ ಎಂದು ಕೇಳಿದರೆ ಕನಕರಾಜು ಕೈಯ ಜೇಡಿಯನ್ನು ಹಾರೆಗೆ ಒರೆಸುತ್ತಾರೆ.

"ಕಕ್ಕಸು ಗುಂಡಿ ಮೇಲೆ ಯಾರ ಎಸ್ರು ಬರೀತಾರೆ? ನಾಲೆಗೆ ನೀರು ಬುಟ್ಟು ಎರಡು ತಿಂಗ್ಳಾದ್ ಮೇಲೆ ಒಂದ್ಸಲ ಈ ಕಡೆ ಬತ್ತೀನಿ. ಆ ಅವ್ವ ನನ್ನ ನೋಡಿ, 'ಯಾಕ್ಲಾ ಬಂದೆ, ಏನಾಗ್ಬೇಕಿತ್ತು' ಅಂತ ಕೇಳುದ್ರೆ ಸಾಕು."